ಪಳಗಿಸುವ ಕಪಾಟು

ಕಣ್ಣಿಗೆ ಕಟ್ಟಿದ್ದ ಟವೆಲ್ ಬಿಚ್ಚಿದ ಮರುಕ್ಷಣವೇ ಉಸ್ತಾದನಿಗೆ ತನ್ನ ಷಡ್ಡಕನನ್ನು ಕೊಂದುಬಿಡಬೇಕು ಅನ್ನಿಸಿತು. ಅದುವರೆಗೆ ಅವನು ಅಂಥ ಯೋಚನೆ ಮಾಡಿದವನಲ್ಲ. ಸಿಟ್ಟು ಬಂದರೆ ಕೈಗೆ ಸಿಕ್ಕ ಲೋಟ ಗೋಡೆಗೆ ಬೀಸುವುದು, ಹೆಂಡತಿಯ ಮೇಲೆ ಹರಿಹಾಯುವುದು, ಒಮ್ಮೆ ಪಾರ್ಸೆಲ್ ಬೀಳಿಸಿ ಒಡೆದವನ ಕೆನ್ನೆಗೆ ಬಾರಿಸಿದ್ದು, ಅವನ ಪರಾಕ್ರಮ ಅಲ್ಲಿಗೇ ಮುಗಿದಿತ್ತು. ಆದರೆ ಆ ಸಂಜೆ ನಾದಿನಿಯ ಮನೆಯ ಹಾಲಿನಲ್ಲಿ, ಮನೆಮಂದಿಯೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದಾಗ, ಅವನ ಕಣ್ಣು ನೇರ ಹೋದದ್ದು ಷಡ್ಡಕನ ಹಿಂದಲೆಗೆ. ಕೂದಲು ಉದುರಿ ಅಂಗೈಯಗಲ ಬಯಲಾಗಿದ್ದ ಆ ಜಾಗ ಗುರಿಯಿಟ್ಟು ಹೊಡೆಯಲೆಂದೇ ಮಾಡಿಟ್ಟ ಹಾಗೆ ಕಂಡಿತು.

ಆಟ ಇಷ್ಟೇ ಆಗಿತ್ತು. ಎರಡು ಹೆಡ್‌ಫೋನ್, ಎರಡನ್ನೂ ಮಾಡಿದವನು ಉಸ್ತಾದನೇ. ಒಂದು ಅವನ ಅಂಗಡಿಯ ಕಪಾಟಿನಲ್ಲಿ ವಾರಗಟ್ಟಲೆ ಓಡಿ ಹದಕ್ಕೆ ಬಂದದ್ದು. ಇನ್ನೊಂದು ಹಿಂದಿನ ದಿನವಷ್ಟೇ ಜೋಡಿಸಿದ ಹಸಿ ಮಾಲು. ಕಣ್ಣು ಕಟ್ಟಿ ಒಂದೇ ಹಾಡನ್ನು ಎರಡರಲ್ಲೂ ಕೇಳಿಸುತ್ತಾರೆ, ಪಳಗಿದ ಜೋಡಿ ಯಾವುದು ಅಂತ ಅವನು ಹೇಳಬೇಕು.

"ಟವೆಲ್ ಬಿಗಿ ಆಯ್ತಾ ಅಣ್ಣಾ?" ಎಂದು ಷಡ್ಡಕ ಕೇಳಿದ್ದ. ಉಸ್ತಾದನ ಹೆಂಡತಿಯ ತಂಗಿಯನ್ನು ಮದುವೆಯಾದವನು ಅವನು. ವಯಸ್ಸಿನಲ್ಲಿ ಚಿಕ್ಕವನಾದ್ದರಿಂದ ಅಣ್ಣಾ ಎಂದೇ ಕರೆಯುತ್ತಿದ್ದ.

"ಬಿಗಿ ಆದ್ರೇನಯ್ಯ, ನಾನೇನು ಕಣ್ಣಲ್ಲಿ ಕೇಳ್ತೀನಾ?" ಎಂದು ಉಸ್ತಾದ ಎಲ್ಲರನ್ನೂ ನಗಿಸಿದ್ದ. ಆಮೇಲೆ ಎರಡನ್ನೂ ಕೇಳಿ, ತಲೆದೂಗಿ, ಎರಡನೆಯದರ ಮೇಲೆ ಕೈಯಿಟ್ಟು, "ಇದು. ಮೊಲೆ ಕುಡಿಯೋ ಕೂಸಿಗೂ ಗೊತ್ತಾಗುತ್ತೆ" ಎಂದು ಘೋಷಿಸಿಬಿಟ್ಟಿದ್ದ.

ಟವೆಲ್ ಬಿಚ್ಚಿ ನೋಡಿದರೆ ಕೈ ಹಸಿ ಮಾಲಿನ ಮೇಲಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವನ ಹೆಂಡತಿಯೇ. ನಗುವವರ ಹಿಂದೆ, ಮೂರು ಕಾಲಿನ ಮೇಲೆ ನಿಂತ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು.

ಹೊರಗಿನವರಿಗೆ ಇದು ಚೇಷ್ಟೆ. ಉಸ್ತಾದನಿಗೆ ಇದು ಅನ್ನ, ಹೆಸರು, ಎರಡೂ. ಮರವನ್ನು ಕಡೆದು ಬಟ್ಟಲು ಮಾಡಿ, ಒಳಗೆ ತೆಳ್ಳನೆಯ ಪೊರೆ ಕೂರಿಸಿ, ದನಿ ಹೊರಕ್ಕೂ ಹಾಯಲೆಂದು ಬೆನ್ನಿಗೆ ಜಾಲರಿ ಹೊದಿಸಿ ಅವನು ಮಾಡುತ್ತಿದ್ದ ಹೆಡ್‌ಫೋನುಗಳಿಗೆ ಜನ ತಿಂಗಳುಗಟ್ಟಲೆ ಕಾಯುತ್ತಿದ್ದರು. ಕಾಯುತ್ತಿದ್ದುದು ಮರಕ್ಕಲ್ಲ, ಕಪಾಟಿಗೆ. ಹೊಸ ಹೆಡ್‌ಫೋನ್ ಹೊಸ ಚಪ್ಪಲಿಯಂತೆ ಕಚ್ಚುತ್ತದೆ ಎಂಬುದು ಅವನ ಸಿದ್ಧಾಂತ. ಪೊರೆ ಬಿಗಿಯಾಗಿರುತ್ತದೆ, ದನಿ ಚುಚ್ಚುತ್ತದೆ, ಮಂದ್ರ ಗಂಟಲಲ್ಲೇ ನಿಲ್ಲುತ್ತದೆ. ಓಡಿಸಿ ಓಡಿಸಿ ಪಳಗಿಸಿದರೆ ಮಾತ್ರ ಅದು ಬಾಯಿಬಿಡುತ್ತದೆ. ಅದಕ್ಕಾಗಿ ಅಂಗಡಿಯ ಒಳಗೋಡೆಯ ಉದ್ದಕ್ಕೂ ಅವನೊಂದು ಕಪಾಟು ಕಟ್ಟಿದ್ದ. ಗೂಟ ಗೂಟಕ್ಕೂ ಒಂದೊಂದು ಜೋಡಿ ತೂಗುಹಾಕಿ, ಎಲ್ಲ ಸ್ವರಗಳನ್ನೂ ಒಟ್ಟಿಗೆ ಕಲಸಿದಂಥ ಒಂದು ಸದ್ದನ್ನು ಹಗಲಿರುಳು ಅವುಗಳಿಗೆ ಊಡುತ್ತಿದ್ದ. ಅಂಗಡಿ ತೆರೆದಂದಿನಿಂದ ಅದನ್ನು ನಿಲ್ಲಿಸಿದ್ದಿಲ್ಲ. ಕರೆಂಟು ಹೋದರೂ ನಿಲ್ಲದಿರಲಿ ಎಂದು ಬ್ಯಾಟರಿ ಇಟ್ಟಿದ್ದ. 'ಉಸ್ತಾದ್ ಕಪಾಟಿನಿಂದ ಇಳಿದದ್ದು' ಎಂದರೆ ಆ ಲೋಕದಲ್ಲಿ ಅದೊಂದು ಮುದ್ರೆ.

ಷಡ್ಡಕ ಮೊದಲು ಇದೇ ಅಂಗಡಿಯ ಪಾಲುದಾರ. ಇವನದು ಕೈ, ಅವನದು ಅಳತೆ. ಕಿವಿಯ ಜಾಗದಲ್ಲಿ ಮೈಕ್ ಕೂರಿಸಿದ ಒಂದು ರಬ್ಬರ್ ತಲೆ ತಂದಿಟ್ಟುಕೊಂಡು, ಅದಕ್ಕೆ ಹೆಡ್‌ಫೋನ್ ತೊಡಿಸಿ, ದನಿಯನ್ನು ಗೆರೆಯಾಗಿ ಬರೆಸಿ ನೋಡುವುದು ಅವನ ಕೆಲಸ. ಒಂದು ದಿನ ಕಪಾಟಿಗೆ ಹಾಕುವ ಮುಂಚೆ ಒಂದು ಗೆರೆ, ಇಳಿಸಿದ ಮೇಲೆ ಒಂದು ಗೆರೆ ಬರೆಸಿದ. ಎರಡೂ ಒಂದರ ಮೇಲೊಂದು ಅಚ್ಚಾಗಿ ಕೂತವು.

"ಹೆಡ್‌ಫೋನ್ ಏನೂ ಬದಲಾಗಿಲ್ಲ ಅಣ್ಣಾ. ಬದಲಾಗೋದು ನಮ್ಮ ಕಿವಿ. ದಿನಾ ಕೇಳ್ತಾ ಕೇಳ್ತಾ ಒಗ್ಗಿಹೋಗುತ್ತೆ, ನಾವು ಹೆಡ್‌ಫೋನೇ ಸುಧಾರಿಸ್ತು ಅಂದ್ಕೋತೀವಿ."

"ನಿನ್ನ ರಬ್ಬರ್ ತಲೆಗೆ ಏನು ಗೊತ್ತಾಗುತ್ತೆ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ" ಎಂದು ಉಸ್ತಾದ ಅಂದಿದ್ದ. ಆ ಮಾತಿಗೇ ಪಾಲು ಮುರಿಯಿತು. ಷಡ್ಡಕ ತನ್ನ ರಬ್ಬರ್ ತಲೆ ಎತ್ತಿಕೊಂಡು ಮನೆಗೆ ಹೋದ, ವಿಡಿಯೋ ಮಾಡಲು ಕೂತ. ಒಂದರಲ್ಲಂತೂ ಉಸ್ತಾದನದೇ ಒಂದು ಜೋಡಿಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿ, ಪೊರೆಯನ್ನು ಇಕ್ಕಳದಲ್ಲಿ ಎತ್ತಿ ತೋರಿಸಿ, "ನೋಡಿ, ಪಳಗೋಕೆ ಇದರೊಳಗೆ ಏನಿದೆ?" ಎಂದು ಕೇಳಿದ. ಮರದ ಬಟ್ಟಲು ಸೀಳುವ ಸದ್ದಿಗೆ ಉಸ್ತಾದ ತನ್ನ ಅಂಗಡಿಯಲ್ಲಿ ಕೂತೇ ಮೈ ಕುಗ್ಗಿಸಿದ್ದ. ಮಗುವಿನ ಮೂಳೆ ಮುರಿದರೂ ಅಷ್ಟು ನೋಯುತ್ತಿರಲಿಲ್ಲವೇನೋ. ಅವನಿಗೆ ಮಕ್ಕಳಿರಲಿಲ್ಲ, ಹಾಗಾಗಿ ಹೋಲಿಸಿ ನೋಡುವಂತಿರಲಿಲ್ಲ.

ಈಗ ಟವೆಲಿನ ವಿಡಿಯೋ. ಮುಂದಿನ ವಾರ ಹೊರಬರುತ್ತದೆ ಎಂದು ಷಡ್ಡಕ ಆಗಲೇ ಡಂಗುರ ಸಾರಿದ್ದ. ಉಸ್ತಾದ ಮಾನ ಬಿಟ್ಟು ಒಮ್ಮೆ ಕೇಳಿಯೂ ನೋಡಿದ.

"ಅದನ್ನ ಹಾಕ್ಬೇಡ ಕಣೋ. ನಿಂಗೆ ಕೈ ಮುಗೀತೀನಿ."

"ಅಯ್ಯೋ ಅಣ್ಣಾ, ನಿಮ್ಮ ಕೈಕೆಲಸ ಕೆಟ್ಟದು ಅಂತ ನಾನೆಲ್ಲಿ ಅಂದೆ? ಚಿನ್ನದಂಥ ಮಾಲು. ಹೊಸದನ್ನೇ ಮಾರಿ, ಜನರನ್ನ ಸುಮ್ನೆ ಕಾಯಿಸ್ಬೇಡಿ ಅಂತೀನಿ ಅಷ್ಟೆ. ಕಪಾಟಿನ ಮೋಹ ಬಿಡಿ." ಹೇಳಿ ಬೆನ್ನು ತಟ್ಟಿದ. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದನೋ ಏನೋ. ಆ ಬೆನ್ನು ತಟ್ಟಿದ್ದು ಗಾಯದ ಮೇಲೆ ಬರೆ ಎಳೆದ ಹಾಗಾಯಿತು.

ಅಂದಿನಿಂದ ಉಸ್ತಾದನ ಕೈ ಮರ ಕಡೆಯುತ್ತಿದ್ದರೆ ಮನಸ್ಸು ಷಡ್ಡಕನನ್ನು ಕಡೆಯುತ್ತಿತ್ತು. ತಿರುಗುವ ಮರಕ್ಕೆ ಉಳಿ ಹಿಡಿದು ಸುರುಳಿ ಸುರುಳಿ ಸಿಪ್ಪೆ ಎಬ್ಬಿಸುವಾಗ, ಇದೇ ಉಳಿ ಕೆನ್ನೆಗೆ ತಾಗಿದರೆ ಸಿಪ್ಪೆ ಎಷ್ಟು ಉದ್ದ ಬಂದೀತು ಎಂದು ಲೆಕ್ಕ ಹಾಕುತ್ತಿದ್ದ. ಹಲ್ಲು ಎಷ್ಟು ಹೊಡೆತಕ್ಕೆ ಉದುರುತ್ತವೆ, ಕತ್ತು ಎತ್ತ ತಿರುಚಿದರೆ ಮುರಿಯುತ್ತದೆ, ಎಲ್ಲವನ್ನೂ ಯೋಚಿಸಿದ. ಯೋಚಿಸಿ ಯೋಚಿಸಿ ಸಿಟ್ಟು ಆರಿತು. ಅದರ ಜಾಗದಲ್ಲಿ ಒಂದು ಅಚ್ಚುಕಟ್ಟಾದ ಕೆಲಸ ಉಳಿಯಿತು. ಅಚ್ಚುಕಟ್ಟಿನ ಕೆಲಸ ಎಂದರೆ ಅವನಿಗೆ ಯಾವತ್ತೂ ಇಷ್ಟ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೊದಲ ಅನುಮಾನ ತನ್ನ ಮೇಲೇ ಬರುತ್ತದೆ ಎಂಬುದನ್ನು ಅವನು ಒಪ್ಪಿಕೊಂಡು ಶುರುಮಾಡಿದ. ಜಗಳ ಲೋಕಕ್ಕೆಲ್ಲ ಗೊತ್ತು. ಆದ್ದರಿಂದ ಕೊಲೆ ನಡೆದ ಹೊತ್ತಿಗೆ ತಾನು ಬೇರೆಡೆ ಇದ್ದೆ ಎಂಬುದು ಲೋಕಕ್ಕೆಲ್ಲ ಗೊತ್ತಿರಬೇಕು.

ಷಡ್ಡಕನ ಮನೆ ಅಂಗಡಿಯ ಹಿಂದಿನ ಮೂರನೆಯ ಬೀದಿ. ನಡುವೆ ಗೋಡೆ ಗೋಡೆ ತಾಗಿದ ಓಣಿ. ಕಿಟಕಿಯಿಲ್ಲ, ಕ್ಯಾಮೆರಾ ಇಲ್ಲ, ಕಸದ ಡಬ್ಬಗಳನ್ನು ಬಿಟ್ಟರೆ ಕಾಣುವವರಿಲ್ಲ. ಫೋನು ಜೇಬಿನಲ್ಲಿದ್ದರೂ ಎರಡು ಜಾಗಕ್ಕೂ ಟವರ್ ಒಂದೇ. ನಾದಿನಿ ಶಾಲೆಯ ಟೀಚರು, ಸಂಜೆಯವರೆಗೆ ಮನೆಗೆ ಬರುವುದಿಲ್ಲ. ಅವಳ ಮನೆಯ ಒಂದು ಬೀಗದ ಕೈ ಅಕ್ಕನ ಬಳಿ, ಅಂದರೆ ಉಸ್ತಾದನ ಮನೆಯ ಮೊಳೆಗೆ ನೇತುಬಿದ್ದಿರುತ್ತದೆ. ಷಡ್ಡಕ ಮಧ್ಯಾಹ್ನವೆಲ್ಲ ತನ್ನ ಒಳಕೋಣೆಯಲ್ಲಿ, ಬಾಗಿಲಿಗೆ ಬೆನ್ನು ಮಾಡಿ, ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಾನೆ. ಆ ಕೋಣೆಯನ್ನು ಕಟ್ಟುವಾಗ ಉಸ್ತಾದನೇ ನಿಂತು ಗೋಡೆಗೆಲ್ಲ ದಪ್ಪ ಸ್ಪಂಜು ಬಡಿಸಿದ್ದ. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ. ಆ ಕೋಣೆಯ ಗೋಡೆಗಳು ಹುಟ್ಟು ಕಿವುಡು. ಒಳಗೆ ಆನೆ ಘೀಳಿಟ್ಟರೂ ಪಕ್ಕದ ಮನೆಯವರ ನಿದ್ದೆ ಕೆಡುವುದಿಲ್ಲ.

ಇನ್ನು ಸಾಕ್ಷಿ. ಉಸ್ತಾದನ ಗಿರಾಕಿಗಳದೊಂದು ವಾಟ್ಸಾಪ್ ಗುಂಪಿತ್ತು. ದಿನಾ ಮಧ್ಯಾಹ್ನ ಅಲ್ಲಿ ಪ್ರಶ್ನೋತ್ತರ. ಯಾರಾದರೂ ಏನಾದರೂ ಕೇಳುತ್ತಾರೆ, ಇವನು ಅಂಗಡಿಯಲ್ಲಿ ನಿಂತು ದನಿಯಲ್ಲೇ ಉತ್ತರ ಕಳಿಸುತ್ತಾನೆ; ಬೆರಳಲ್ಲಿ ಟೈಪು ಮಾಡುವುದು ಅವನಿಗೆ ಆಗದ ಮಾತು. ಮೊದಲೇ ಮಾತಾಡಿಟ್ಟು ಕಳಿಸಿದರೆ ಹೇಗೆ ಎಂದು ಯೋಚಿಸಿ ಬಿಟ್ಟುಬಿಟ್ಟ. ಈಗ ಕೇಳಿದ ಪ್ರಶ್ನೆಗೆ ನಿನ್ನೆಯೇ ಉತ್ತರ ಮಾತಾಡಿಟ್ಟವನನ್ನು ಮೂರ್ಖ ಪೊಲೀಸನೂ ಹಿಡಿಯುತ್ತಾನೆ. ಉತ್ತರ ಆ ಕ್ಷಣದ್ದೇ ಆಗಿರಬೇಕು, ಕೊಲೆಯ ಕ್ಷಣವೂ ಅದೇ ಆಗಿರಬೇಕು.

ಕೊಲೆಯ ಕ್ಷಣವನ್ನು ಬರೆದಿಡಲು ರಬ್ಬರ್ ತಲೆ ಇತ್ತು. ಷಡ್ಡಕ ಕೆಲಸಕ್ಕೆ ಕೂತಾಗಲೆಲ್ಲ ಅದು ಒಂದರ ಹಿಂದೊಂದು ಗೆರೆ ಎಳೆಯುತ್ತ, ಗಂಟೆ ನಿಮಿಷದ ಸಮೇತ ದೂರದ ಇನ್ನಾವುದೋ ಕಂಪ್ಯೂಟರಿಗೆ ಕಳಿಸುತ್ತ ಇರುತ್ತದೆ. ಅದು ಮಾತನ್ನು ಹಿಡಿದಿಡುವುದಿಲ್ಲ, ಬರೀ ಗೆರೆ. ಅದರ ತಲೆ ಒಡೆದ ಕೂಡಲೇ ಗೆರೆ ನಿಲ್ಲುತ್ತದೆ. ಕಳ್ಳ ನುಗ್ಗಿದ, ಮನುಷ್ಯನನ್ನು ಹೊಡೆದ, ಸಾಮಾನು ಪುಡಿಮಾಡಿದ ಎಂದು ಪೊಲೀಸರು ಬರೆದುಕೊಳ್ಳುತ್ತಾರೆ; ಗೆರೆ ನಿಂತ ಆ ನಿಮಿಷವೇ ಕೊಲೆಯ ನಿಮಿಷ. ಅದೇ ನಿಮಿಷ ಉಸ್ತಾದ ಅಂಗಡಿಯಲ್ಲಿ ನಿಂತು ನೂರಾರು ಜನರಿಗೆ ಪಾಠ ಹೇಳುತ್ತಿರುತ್ತಾನೆ. ತನ್ನ ಯೋಜನೆಯನ್ನು ಅವನು ಹೊಸ ಜೋಡಿಯ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. ಎಲ್ಲೂ ಸಂದು ಕಾಣಲಿಲ್ಲ.

ಆ ದಿನ ಊಟವಾದ ಮೇಲೆ ಎದುರಂಗಡಿಯ ಟೈಲರ್ ಕತ್ತರಿ ಹಿಡಿದೇ ಬಂದು ಬಾಗಿಲಲ್ಲಿ ನಿಂತು, "ಉಸ್ತಾದ್, ಟೀ ತರಿಸ್ಲಾ?" ಎಂದು ಕೂಗಿದ. ಅಂಗಡಿಗೆ ಬಂದವರೆಲ್ಲ ಯಾಕೆ ಹೀಗೆ ಗಂಟಲು ಹರಿದುಕೊಳ್ಳುತ್ತಾರೋ ಎಂದು ಉಸ್ತಾದನಿಗೆ ಯಾವಾಗಲೂ ಸೋಜಿಗ.

"ಈಗ್ಬೇಡ. ಗ್ರೂಪಿನವರಿಗೆ ಉತ್ತರ ಹೇಳ್ಬೇಕು. ಆಮೇಲೆ ನಾನೇ ಬರ್ತೀನಿ, ಒಟ್ಟಿಗೆ ಕುಡಿಯೋಣ."

ಷಟರು ಅರ್ಧ ಎಳೆದ. ಹಳೆಯ ಮೇಲಂಗಿ, ರಬ್ಬರ್ ಕೈಗವಸು ಹಾಕಿಕೊಂಡು ಹಿಂಬಾಗಿಲಿನಿಂದ ಓಣಿಗಿಳಿದ. ಕಟ್ಟುತ್ತಿರುವ ಮನೆಯೊಂದರ ಬಳಿ ಬಿದ್ದಿದ್ದ ಕಬ್ಬಿಣದ ಪೈಪೊಂದನ್ನು ಹಿಂದಿನ ದಿನವೇ ನೋಡಿಟ್ಟಿದ್ದ. ಅದು ಅಲ್ಲೇ ಇತ್ತು.

ಮೊಳೆಯಿಂದ ತಂದಿದ್ದ ಬೀಗದ ಕೈಯಲ್ಲಿ ಬಾಗಿಲು ತೆರೆದು ಒಳಗೆ ಹೋದರೆ, ಷಡ್ಡಕ ಎಣಿಸಿದಂತೆಯೇ ಕೂತಿದ್ದ. ಬೆನ್ನು ಬಾಗಿಲಿಗೆ, ತಲೆಯ ಮೇಲೆ ಹೆಡ್‌ಫೋನ್, ಕಾಲ ಬೆರಳು ತಾಳ ಹಾಕುತ್ತಿತ್ತು. ಉಸ್ತಾದ ಪೈಪು ಎತ್ತಿದ. ಎತ್ತಿದಾಗ ಕಂಡದ್ದು, ಅವನು ಹಾಕಿಕೊಂಡಿರುವುದು ತಾನು ಮಾಡಿದ ಜೋಡಿಯೇ, ಟವೆಲಿನ ದಿನದ ಆ ಹಸಿ ಮಾಲು. ಕೈ ಒಂದಿಷ್ಟು ಅಳುಕಿತು. ಅಳುಕಿದ ಕೈಯ ಏಟು ಬಯಲಾಗಿದ್ದ ಜಾಗ ತಪ್ಪಿ ಕಿವಿಯ ಮೇಲೆ ಬಿತ್ತು. ಮರದ ಬಟ್ಟಲು ಸೀಳಿ, ಚಕ್ಕೆ ಹಾರಿ, ಕಿವಿ ಹರಿದು ನೇತಾಡಿತು.

"ಅಣ್ಣಾ?" ಎಂದ ಷಡ್ಡಕ ತಿರುಗಿ. ಅವನಿಗೆ ನೋವಿಗಿಂತ ಮೊದಲು ಆಶ್ಚರ್ಯವಾಗಿತ್ತು.

ಎರಡನೆಯ ಏಟು ಬಾಯಿಗೆ. ಹಲ್ಲುಗಳು ಮೇಜಿನ ಮೇಲೆ ಚೆಲ್ಲಿದವು. ಅವನು ಕುರ್ಚಿಯ ಸಮೇತ ಉರುಳಿ, ಮೊಣಕೈ ಊರಿ ತೆವಳಿ, ಉಸ್ತಾದನ ಕಣಕಾಲು ಹಿಡಿದುಕೊಂಡ. ಬಾಯಲ್ಲಿ ರಕ್ತ ತುಂಬಿ ಏನೋ ಹೇಳುತ್ತಿದ್ದ, ಅದು ಕೇಳುವ ಹಾಗಿರಲಿಲ್ಲ. ಉಸ್ತಾದ ಹಿಡಿದ ಕೈಯನ್ನು ತುಳಿದ, ಬೆರಳು ಮುರಿದದ್ದು ಅಂಗಾಲಿಗೆ ಗೊತ್ತಾಯಿತು. ಮತ್ತೆ ಹೊಡೆದ. ಬಿಳಿ ಸ್ಪಂಜಿನ ಗೋಡೆಯ ಮೇಲೆ ಕೆಂಪು ಹನಿ ಬಿದ್ದಲ್ಲೇ ಹೀರಿಹೋಯಿತು. ಮನುಷ್ಯ ಸಾಯುವುದು ಇಷ್ಟು ಕಷ್ಟ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಬೆನ್ನಿಗೆ ಮೊಣಕಾಲು ಕೊಟ್ಟು, ಹೆಡ್‌ಫೋನಿನ ವೈರನ್ನೇ ಕತ್ತಿಗೆ ಸುತ್ತಿ, ಎರಡೂ ಕೈಯಲ್ಲಿ ಜಗ್ಗಿದ. ಆ ವೈರನ್ನು ಮೂರು ಎಳೆ ಹೆಣೆದು ಗಟ್ಟಿಮಾಡಿದವನು ತಾನೇ. ಕಿತ್ತುಹೋಗುವುದಿಲ್ಲ ಎಂದು ಅವನಿಗೆ ನಂಬಿಕೆಯಿತ್ತು. ಕಾಲುಗಳು ನೆಲ ಒದ್ದವು, ಒದೆತ ನಿಧಾನವಾಯಿತು, ಆಮೇಲೆ ನಿಂತಿತು. ಆದರೂ ಅವನು ಸುಮಾರು ಹೊತ್ತು ಬಿಡಲಿಲ್ಲ.

ಆಮೇಲೆ ಎದ್ದ. ಉಸಿರು ಹದಕ್ಕೆ ಬರುವವರೆಗೆ ಗೋಡೆಗೊರಗಿ ನಿಂತ. ಸೀಳಿಹೋದ ಮರದ ಬಟ್ಟಲು ನೋಡಿ ಮನಸ್ಸಿಗೆ ಕೆಡುಕೆನಿಸಿತು. ಪಕ್ಕದಲ್ಲಿ ಬಿದ್ದಿದ್ದ ಮುಖ ನೋಡಿ ಏನೂ ಅನ್ನಿಸಲಿಲ್ಲ. ಫೋನು ತೆಗೆದು ನೋಡಿದರೆ ಗುಂಪಿನಲ್ಲಿ ಒಬ್ಬ ಆಗಷ್ಟೇ ಕೇಳಿದ್ದ: 'ಉಸ್ತಾದ್, ಹೊಸ ಜೋಡಿ ಕೈಗೆ ಬಂತು. ಇನ್ನೂ ಎಷ್ಟು ದಿನ ಕೇಳಿದರೆ ಪೂರ್ತಿ ಹದಕ್ಕೆ ಬರುತ್ತೆ?'

ದೇವರೇ ಬರೆದುಕೊಟ್ಟ ಪ್ರಶ್ನೆ. ಉಸ್ತಾದ ಪೈಪು ಎತ್ತಿ ರಬ್ಬರ್ ತಲೆಯನ್ನು ನಡುನೆತ್ತಿಗೆ ಬಾರಿಸಿದ. ಪರದೆಯ ಮೇಲೆ ಓಡುತ್ತಿದ್ದ ಗೆರೆ ನಿಂತಿತು. ಪೈಪು ಕೆಳಗಿಟ್ಟು, ಕೆಮ್ಮಿ ಗಂಟಲು ಸರಿಮಾಡಿಕೊಂಡು, ಗುಂಡಿ ಒತ್ತಿದ.

"ನಮಸ್ಕಾರ ಸ್ವಾಮಿ. ಒಳ್ಳೇ ಪ್ರಶ್ನೆ ಕೇಳಿದ್ರಿ. ಆತುರ ಪಡ್ಬೇಡಿ, ಹೊಸ ಹೆಡ್‌ಫೋನು ಹೊಸ ನೆಂಟನ ಹಾಗೆ, ಮೊದಮೊದಲು ಬಿಗುಮಾನ ಇರುತ್ತೆ. ಈಗ ನೋಡಿ, ನಾನು ಕಪಾಟಿನ ಬಾಗಿಲು ತೆಗೆದು ಅದರ ಎದುರಿಗೇ ನಿಂತಿದ್ದೀನಿ. ಎಲ್ಲಾ ಜೋಡಿನೂ ಓಡ್ತಾ ಇವೆ. ಹಗಲೂ ರಾತ್ರಿ ನಿಲ್ಸಿಲ್ಲ, ನಿಲ್ಸೋದೂ ಇಲ್ಲ. ನಿಮ್ಮದೂ ಇಲ್ಲಿಂದಲೇ ಇಳಿದದ್ದು, ಮುಕ್ಕಾಲು ಪಾಲು ಪಳಗಿದೆ. ಮಿಕ್ಕಿದ್ದು ನಿಮ್ಮ ಪ್ರೀತಿ. ಯಾರೋ ಏನೋ ಅಂತಾರೆ ಅಂತ ತಲೆ ಕೆಡಿಸ್ಕೋಬೇಡಿ..."

ಹೀಗೆ ಮಾತಾಡುತ್ತಲೇ ಹೋದ. ಕಾಲ ಬುಡದಲ್ಲಿ ರಕ್ತ ಹರಡುತ್ತ ಬಂದಾಗ ಒಂದು ಹೆಜ್ಜೆ ಹಿಂದೆ ಸರಿದ, ದನಿ ಅಲುಗಲಿಲ್ಲ. ಮುಗಿಸಿ, ಕಳಿಸಿ, ಕಿವಿಗಿಟ್ಟುಕೊಂಡು ಒಮ್ಮೆ ಪೂರ್ತಿ ಕೇಳಿದ. ಕೇಳುವ ಕಸುಬಿನವನು, ಕೇಳದೆ ಬಿಡುತ್ತಾನೆಯೇ? ಏದುಸಿರಿಲ್ಲ, ಪ್ರತಿಧ್ವನಿಯಿಲ್ಲ, ಬೀದಿಯ ಹಾರ್ನಿಲ್ಲ, ಈ ಮನೆಯದೆಂದು ಗುರುತು ಹಿಡಿಯಲು ಗಡಿಯಾರದ ಟಿಕ್ ಕೂಡ ಇಲ್ಲ. ತೊಳೆದಿಟ್ಟಷ್ಟು ಶುಭ್ರವಾದ ದನಿ. ಇಷ್ಟು ಒಳ್ಳೆಯ ರೆಕಾರ್ಡಿಂಗ್ ತಾನು ಜನ್ಮದಲ್ಲಿ ಮಾಡಿರಲಿಲ್ಲ ಎಂದು ಅವನಿಗೆ ಹೆಮ್ಮೆಯಾಯಿತು.

ಆಮೇಲಿನದು ಕೂಲಿ ಕೆಲಸ. ವಿಡಿಯೋ ಇದ್ದ ಕಂಪ್ಯೂಟರು, ಹಾರ್ಡ್‌ಡಿಸ್ಕ್ ಡಬ್ಬಿಗಳು ಎಲ್ಲವನ್ನೂ ಜಜ್ಜಿ ಜಜ್ಜಿ ಹಿಟ್ಟು ಮಾಡಿದ. ಬೀರು, ಮೇಜಿನ ಸಾಮಾನು ಕೆದರಿದ. ಅಡುಗೆಮನೆಯ ಹಿಂಬಾಗಿಲ ಚಿಲಕವನ್ನು ಹೊರಗಿನಿಂದ ಮೀಟಿ ಮುರಿದ. ಬೆಲೆಬಾಳುವ ನಾಲ್ಕಾರು ಸಾಮಾನು ಚೀಲಕ್ಕೆ ತುಂಬಿ ತಂದು ಓಣಿಯ ಮೋರಿಗೆ ಸುರಿದ. ಪೈಪನ್ನು ಒರೆಸಿ ಕಸದ ಡಬ್ಬದ ಹಿಂದೆ ಎಸೆದ. ಅಂಗಡಿಯಲ್ಲಿ ಅಂಟು ಕಾಯಿಸುವ ಒಲೆಗೆ ಮೇಲಂಗಿ, ಕೈಗವಸು, ಚೀಲ, ಎಲ್ಲವೂ ತುಂಡು ತುಂಡಾಗಿ ಹೋದವು. ಮುಖ ತೊಳೆದು, ತಲೆ ಬಾಚಿ, ಕನ್ನಡಿ ನೋಡಿಕೊಂಡ. ಕಪಾಟು ತನ್ನ ಪಾಡಿಗೆ ತಾನಿತ್ತು. ಷಟರು ಎತ್ತಿ ಎದುರಂಗಡಿಗೆ ಹೋಗಿ ಟೀ ಕುಡಿದ. ಟೈಲರ್ ಹೇಳಿದ ಜೋಕಿಗೆ ನಕ್ಕ.

ನಾದಿನಿ ಸಂಜೆ ಬಾಗಿಲು ತೆಗೆದು ಕಿರುಚಿದ ಕಿರುಚಿಗೆ ಬೀದಿಯೇ ಕೂಡಿತು. ಉಸ್ತಾದ ಓಡಿಹೋಗಿ ಎಲ್ಲರಿಗಿಂತ ಹೆಚ್ಚು ಅತ್ತ. ಅಳು ನಿಜವಾಗಿಯೂ ಬಂತು, ಅದು ಅವನಿಗೇ ಅಚ್ಚರಿ.

ಪೊಲೀಸ್ ಠಾಣೆಯಲ್ಲಿ ಎಲ್ಲವೂ ಅವನು ಬರೆದ ನಾಟಕದಂತೆಯೇ ನಡೆಯಿತು. ಇನ್‌ಸ್ಪೆಕ್ಟರ್ ನಿಧಾನದ ಮನುಷ್ಯ, ಪ್ರತಿ ಮಾತಿಗೂ ಗಲ್ಲ ಕೆರೆದುಕೊಳ್ಳುವವನು.

"ನಿಮಗೂ ಅವರಿಗೂ ಆಗ್ತಿರ್ಲಿಲ್ವಂತೆ?"

"ಆಗ್ತಿರ್ಲಿಲ್ಲ ಸಾರ್. ಮುಚ್ಚಿಟ್ಟೇನು ಮಾಡ್ಲಿ? ಕಸುಬಿನ ಜಗಳ. ಆದ್ರೆ ಮನೆಮಗ ಅವನು. ಯಾವ ಪಾಪಿ ಹೀಗೆ ಮಾಡಿದನೋ, ಅವನ ಕೈ ಸೇದಿಹೋಗ."

ಇನ್‌ಸ್ಪೆಕ್ಟರ್ ಗೆರೆ ನಿಂತ ನಿಮಿಷ ನೋಡಿದ, ಮೆಸೇಜು ಹೋದ ನಿಮಿಷ ನೋಡಿದ, ಟೈಲರನ್ನು ಕೇಳಿದ, ಗಲ್ಲ ಕೆರೆದು ಫೈಲು ಮುಚ್ಚಿದ. ಎರಡು ದಿನಕ್ಕೆಲ್ಲ ಚಿಂದಿ ಆಯುವವನೊಬ್ಬ ಆ ಪೈಪನ್ನು ಗುಜರಿಗೆ ಹಾಕಲು ಹೋಗಿ ಸಿಕ್ಕಿಬಿದ್ದ. ಸಹಿ ಹಾಕಲು ಠಾಣೆಗೆ ಹೋದ ಉಸ್ತಾದನಿಗೆ ಲಾಕಪ್ಪಿನ ಸರಳಿನಾಚೆ ಅವನು ಕಂಡ. ಕಣ್ಣೆರಡೂ ಊದಿ ಮುಚ್ಚಿಹೋಗಿದ್ದವು, ಅಂಗಾಲು ಹೊಡೆತಕ್ಕೆ ಒಡೆದಿತ್ತು, ಗೋಡೆಗೆ ಹಣೆ ಒತ್ತಿಕೊಂಡು "ನಾನಲ್ಲ ಸ್ವಾಮಿ" ಎಂದು ಗೊಣಗುತ್ತಿದ್ದ. ಒಳಗಿನಿಂದ ಲಾಠಿಯವನು ಮತ್ತೆ ಬಂದ. ಉಸ್ತಾದ ಬೇಗ ಬೇಗ ಸಹಿ ಹಾಕಿ ಹೊರಬಿದ್ದ. ಪಾಪ ಅನ್ನಿಸಿತು, ಇಲ್ಲ ಅನ್ನಲಾಗದು. ಆದರೆ ಆ ರಾತ್ರಿ ಅವನಿಗೆ ಗಾಢ ನಿದ್ದೆ ಬಂತು.

ಟವೆಲಿನ ವಿಡಿಯೋ ಬರಲಿಲ್ಲ. ಷಡ್ಡಕನ ಸಾವಿನ ಸುದ್ದಿಯಿಂದ ಉಸ್ತಾದನ ಹೆಸರು ಇನ್ನಷ್ಟು ಜನರ ಬಾಯಿಗೆ ಬಂತು. ಕಪಾಟಿನ ಗೂಟಗಳೆಲ್ಲ ಭರ್ತಿಯಾದವು. ಉತ್ತರ ಹೇಳುವವನು ಹೋದ ಮೇಲೆ ವಾದ ಗೆಲ್ಲುವುದು ಎಷ್ಟು ಸಲೀಸು ಎಂದು ಅವನು ಮರ ಕಡೆಯುತ್ತ ನಗುತ್ತಿದ್ದ.

ಒಂದು ಮಧ್ಯಾಹ್ನ ನಾದಿನಿ ಅಂಗಡಿಗೆ ಬಂದಳು. ಪಾಲುದಾರಿಕೆಯ ಕಾಲದಲ್ಲಿ ಅವಳ ಗಂಡ ತನ್ನ ಕೈಯಾರೆ ಜೋಡಿಸಿದ ಮೊದಲ ಹೆಡ್‌ಫೋನ್ ಇಲ್ಲಿತ್ತು. ಅದು ಬೇಕೆಂದು ಕೇಳಿದಳು. ಅವಳ ಕೈ ಬರಿದಾಗಿ, ಕಣ್ಣು ಒಳಗಿಳಿದಿತ್ತು. ಉಸ್ತಾದ ಅದನ್ನು ಹುಡುಕಿ, ಧೂಳು ಒರೆಸಿ ಕೊಡುತ್ತಿರುವಾಗಲೇ ಇನ್‌ಸ್ಪೆಕ್ಟರೂ ಬಂದ. ಕೋರ್ಟಿಗೆ ಕಾಗದ ಕಳಿಸುವ ಮುಂಚೆ ಮೆಸೇಜು ಕಳಿಸಿದ ಜಾಗವನ್ನೊಮ್ಮೆ ಕಣ್ಣಾರೆ ನೋಡುವುದು ಕ್ರಮವಂತೆ.

"ಇಲ್ಲೇ ತಾನೆ ನಿಂತಿದ್ದು?" ಎಂದು ಇನ್‌ಸ್ಪೆಕ್ಟರ್ ಜೋರಾಗಿ ಕೇಳಿದ.

"ಇಲ್ಲೇ ಸಾರ್, ಈ ಕಪಾಟಿನ ಮುಂದೆ" ಎನ್ನುತ್ತ ಉಸ್ತಾದ ಬಾಗಿಲೆರಡನ್ನೂ ಅಗಲಕ್ಕೆ ತೆರೆದು ತೋರಿಸಿದ. ಇನ್‌ಸ್ಪೆಕ್ಟರ್ ತನ್ನ ಫೋನು ತೆಗೆದು, ಕಿವಿಯ ಹತ್ತಿರ ಹಿಡಿದು ಆ ಮೆಸೇಜು ಹಾಕಿದ. ಕೇಳಿಸಲಿಲ್ಲವೆಂದು ಮುಖ ಸಿಂಡರಿಸಿ ಬಾಗಿಲಾಚೆ ಮೆಟ್ಟಿಲಿಗೆ ಹೋಗಿ ನಿಂತು ಮತ್ತೆ ಹಾಕಿದ. ನಾದಿನಿಯೂ ಉಸ್ತಾದನೂ ಅವನ ಹಿಂದೆಯೇ ಹೋಗಿ ನಿಂತರು. ನಮಸ್ಕಾರ ಸ್ವಾಮಿ, ಒಳ್ಳೇ ಪ್ರಶ್ನೆ ಕೇಳಿದ್ರಿ. ನಾದಿನಿ ಅದನ್ನು ಕೇಳುತ್ತಿದ್ದುದು ಅದೇ ಮೊದಲು.

ಮೆಸೇಜು ಮುಗಿದಾಗ ಅವಳು ತಲೆಯೆತ್ತಿ, "ಭಾವ, ಅವತ್ತು ಕಪಾಟು ಆಫ್ ಮಾಡಿದ್ರಾ?" ಎಂದು ಕೇಳಿದಳು, ಕೇಳಿದ್ದರಲ್ಲಿ ಕೊಂಕಿರಲಿಲ್ಲ, ಸುಮ್ಮನೆ ಕೇಳಿದ್ದಳು. "ಛೆ, ಎಲ್ಲಾದ್ರೂ ಉಂಟೇನಮ್ಮ? ಒಂದು ಕ್ಷಣನೂ ನಿಲ್ಸಿಲ್ಲ, ಅದರಲ್ಲೇ ಹೇಳಿದ್ದೀನಲ್ಲ" ಎಂದ ಉಸ್ತಾದ, ತುಸು ಗತ್ತಿನಿಂದಲೇ. "ಮತ್ತೆ ಆ ಸುಯ್ ಅನ್ನೋದು ಇದರಲ್ಲಿ ಇಲ್ವೇ ಇಲ್ಲ" ಎಂದಳು ಅವಳು. "ನಿಮ್ಮ ಮೆಸೇಜು ಬಂದ್ರೆ ನಮ್ಮನೇಲಿ, ಭಾವನ ಅಂಗಡೀಲಿ ಮಳೆ ಶುರುವಾಯ್ತು ಅಂತ ನಗ್ತಿದ್ವಿ. ಕಪಾಟಿನ ಬಾಗಿಲು ಮುಚ್ಚಿದ್ರೂ ಅಷ್ಟು ಜೋರು ಇರುತ್ತೆ." "ಯಾವ ಸುಯ್?" ಎಂದ ಉಸ್ತಾದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಗಲ್ಲ ಕೆರೆಯುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿ, ಮೊದಲು ಫೋನನ್ನು, ಆಮೇಲೆ ತೆರೆದ ಕಪಾಟನ್ನು, ಆಮೇಲೆ ಉಸ್ತಾದನ ಮುಖವನ್ನು ನೋಡಿ, ಮೆಲ್ಲಗೆ ಬಂದು ಅವನ ರಟ್ಟೆ ಹಿಡಿದುಕೊಂಡ. "ಬಂದಾಗಿಂದ ನಾನು ಕೂಗಿ ಕೂಗಿ ಮಾತಾಡ್ತಿದ್ದೀನಲ್ರೀ ಉಸ್ತಾದ್ರೆ, ನಿಮಗೆ ಇದು ಕೇಳಿಸ್ತಾನೇ ಇಲ್ವಾ?" ಉಸ್ತಾದ ಉಸಿರು ಬಿಗಿಹಿಡಿದು, ಕಪಾಟಿನ ಕಡೆಗೆ ಕಿವಿಗೊಟ್ಟು ನಿಂತ. ಅವನಿಗೆ ಏನೂ ಕೇಳಿಸಲಿಲ್ಲ.